ಬೈಸಿಕೊಂಡವಳು ನೀನು

ರಾಜಗೋಪಾಲನಗರ
೧೬-೭-೨೦೨೪

ವನಜಾ,

ನಿನ್ನ ಅಕ್ಕನ ಆಶೀರ್ವಾದ. ಕೋಪ ಇನ್ನೂ ಇಳಿದಿಲ್ಲ, ಆದರೂ ಆಶೀರ್ವಾದ. ಫೋನಿನಲ್ಲಾದರೆ ನಾನು ಕೂಗುತ್ತೇನೆ, ನೀನು ಅಳುತ್ತೀಯ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಭಾನುವಾರ ಸುಕೃತಿಯ ಹಾಡು ಕೇಳಲು ಆನೇಕಲ್ಲಿನಿಂದ ನೀನೂ ಬಂದಿದ್ದೆ. ಪೀಣ್ಯದ ಆ ಖಾಲಿ ಶೆಡ್ಡಿನಲ್ಲಿ ಡ್ರಮ್ಮು, ಗಿಟಾರಿನ ಸದ್ದಿಗೆ ತಗಡಿನ ಸೂರು ಅದುರುತ್ತಿತ್ತು. ನನಗೇನೂ ಅದು ಹೊಸದಲ್ಲ, ಇಪ್ಪತ್ತೆರಡು ವರ್ಷ ಪ್ರೆಸ್ ಮಶೀನಿನ ಪಕ್ಕ ನಿಂತವಳು. ನನ್ನ ಮಗಳು ಮೈಕು ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದಳು:

ಎಣ್ಣೆ ಹಚ್ಚಿ ಬಿಗಿದ ಜಡೆ,
ಕತ್ತರಿ ಹಾಕಿದೆ, ಬಾ ನೋಡೆ.

ಹುಡುಗರೆಲ್ಲ ಕುಣಿದರು. ನನ್ನನ್ನೇ ಬೈಯುತ್ತಿದ್ದಾಳೆ ಅಂದುಕೊಂಡೆ. ಇಳಿದು ಬರಲಿ, ಕೆನ್ನೆಗೆ ಎರಡು ಕೊಡುತ್ತೇನೆ ಎಂದು ಕಾದೆ. ಆಮೇಲೆ ಆರು ಗಂಟೆಗೇ ಗೇಟಿಗೆ ಬೀಗ ಹಾಕುವವಳ ಸಾಲು ಬಂತು. ನಮ್ಮ ವಠಾರಕ್ಕೆ ಗೇಟೇ ಇಲ್ಲವಲ್ಲೇ. ಡೈರಿ ಕದ್ದು ಓದುವವಳ ಸಾಲು ಬಂತು. ಅವಳು ಡೈರಿ ಬರೆಯುತ್ತಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

ಡ್ರಮ್ಮು ಬಾರಿಸುವ ಪ್ರಸನ್ನನನ್ನು ಹೊರಗೆ ಹಿಡಿದು ಕೇಳಿದೆ, ‘ಏನೋ ಇದು, ಸಾಕಿದವರನ್ನೇ ಬೈಯೋದು?’ ‘ರಾಕ್ ಅಂದ್ರೇ ಅದು ಆಂಟಿ. ಯಾರು ಕಟ್ಟಾಕ್ತಾರೋ ಅವ್ರ ಮೇಲೇ ಕೂಗೋದು. ದಾರೀಲಿ ಹೋಗೋರ ಮೇಲೆ ಯಾರಾದ್ರೂ ಕೂಗ್ತಾರಾ?’ ಅಂದ.

ನೀನು ಅವಮಾನವಾಯಿತು ಅಂತ ಅತ್ತೆ. ಶನಿವಾರ ವೈಟ್‌ಫೀಲ್ಡಿನ ಕಾರ್ಯಕ್ರಮದಲ್ಲಿ ಆ ಹಾಡು ಹಾಡದ ಹಾಗೆ ಮಾಡು ಅಂತ ಗಂಟುಬಿದ್ದೆ. ನಿಜ ಹೇಳಲಾ? ನನಗೆ ಹೊಟ್ಟೆ ಉರಿಯಿತು ಕಣೆ. ಹೆತ್ತವಳು ನಾನು, ಸಿಟ್ಟೆಲ್ಲ ನಿನ್ನ ಪಾಲಿಗಾ? ನಮ್ಮ ಯಜಮಾನರು ತೀರಿಕೊಂಡ ಮೇಲೆ, ಕಾರ್ಖಾನೆಯ ಪಾಳಿ ತಪ್ಪಿಸಲಾಗದು ಎಂದು ಐದು ವರ್ಷದ ಮಗುವನ್ನು ನಿನ್ನ ಮಡಿಲಿಗೆ ಹಾಕಿದವಳೂ ನಾನೇ. ಒಪ್ಪುತ್ತೇನೆ. ಆದರೆ ಅವಳು ನನ್ನ ಹತ್ತಿರ ವಾಪಸ್ಸು ಬರುವವರೆಗಿನ ಹನ್ನೆರಡು ವರ್ಷದಲ್ಲಿ ನೀನು ಇಷ್ಟೊಂದು ತೆಗೆದುಕೊಂಡುಬಿಡುತ್ತೀಯ ಎಂದು ಯಾರಿಗೆ ಗೊತ್ತಿತ್ತು.

ನಿನ್ನೆ ಅವಳಿಗೆ ಬಡಿಸುತ್ತಾ ಕೇಳಿಯೇಬಿಟ್ಟೆ. ‘ನನ್ ಮೇಲೆ ಒಂದ್ ಸಾಲೂ ಇಲ್ವಲ್ಲೇ?’

‘ನಿನ್ ಮೇಲೆ ಏನಂತ ಬರೀಲಮ್ಮ? ನೀನ್ ಯಾವತ್ತು ನಂಗೆ ಏನ್ ಬೇಡ ಅಂದಿದ್ದೀಯ? ವಾರಕ್ಕೊಂದ್ ಸಲ ಬರ್ತಿದ್ದೆ, ಜಿಲೇಬಿ ತರ್ತಿದ್ದೆ.’

ಜಿಲೇಬಿ ಚೆನ್ನಾಗಿರುತ್ತಿತ್ತು ಅಂತ ಬೇರೆ ಹೇಳಿದಳು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಹಾಗಾಗಿ ಕೇಳು. ಹಾಡು ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ನೀನೂ ಹೇಳಕೂಡದು. ನಿನ್ನ ಜಡೆ, ನಿನ್ನ ಬೀಗ ಅವಳ ಮೈಯಲ್ಲಿ ಅಷ್ಟು ಇಳಿದಿರುವಾಗ ನಿನಗೆ ಅಳು ಹೇಗೆ ಬರುತ್ತದೋ ನನಗೆ ಅರ್ಥವಾಗುವುದಿಲ್ಲ. ನಾನಾಗಿದ್ದರೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದೆ.

ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ ಅಕ್ಕ,
ಸೀತಾ

ತಾ.ಕ.: ಭಾನುವಾರ ನನ್ನ ಇನ್ನೊಂದು ಪಕ್ಕದಲ್ಲಿ ಕೂತಿದ್ದ ನಮ್ಮ ವಠಾರದ ಲಕ್ಷ್ಮಮ್ಮ, ‘ಯಾರ್ ಮೇಲೆ ಕಣಮ್ಮ ನಿಮ್ ಉಡುಗೀಗೆ ಇಷ್ಟ್ ಸಿಟ್ಟು?’ ಎಂದು ಕೇಳಿದಳು. ‘ಇನ್ಯಾರ್ ಮೇಲೆ, ನನ್ ಮೇಲೇನೆ’ ಅಂದುಬಿಟ್ಟಿದ್ದೇನೆ. ಈಗ ವಠಾರಕ್ಕೆಲ್ಲ ಗೊತ್ತು. ಶನಿವಾರ ಅವಳೂ ಬರುತ್ತಾಳೆ. ನೀನು ಅಲ್ಲಿ ಅತ್ತು ನನ್ನ ಮಾನ ಕಳೆಯಬೇಡ.