ಎಂಟಿಲ್ಲದೆ ಬ್ಯಾನರ್ ಇಲ್ಲ

ಸೆಪ್ಟೆಂಬರ್ 12, ಗುರುವಾರ

ಬೆಳಿಗ್ಗೆಯಿಂದ ಡ್ಯಾನ್ಸಿನ ಒಳಲಂಗಗಳಿಗೆ ಗಂಜಿ, ಇಸ್ತ್ರಿ. ಸೊಂಟ ಬಿದ್ದುಹೋಯಿತು. ಮಧ್ಯಾಹ್ನ ಪೋಸ್ಟರ್ ಅಂಟಿಸಲು ಹೋದೆ — ದಿನಸಿ ಅಂಗಡಿ, ಲಾಂಡ್ರಿ, ಪೋಸ್ಟಾಫೀಸು. ‘ಸ್ಕ್ವೇರ್ ಡ್ಯಾನ್ಸ್ ಕಲಿಯಿರಿ. ಜೋಡಿ ಬೇಕಿಲ್ಲ, ಅನುಭವ ಬೇಕಿಲ್ಲ. ಅಕ್ಟೋಬರ್ 8, ಚರ್ಚ್ ಹಾಲ್.’ ದಿನಸಿ ಅಂಗಡಿಯ ಕೌಂಟರಿನ ಹುಡುಗಿ ಓದಿ, ಇದು ಇನ್ನೂ ಇದೆಯಾ ಎಂದಳು. ಇದೆಯಮ್ಮ, ನಾವು ಸತ್ತಾಗ ಹೇಳಿ ಕಳಿಸ್ತೀವಿ ಎಂದೆ. ಹಾಗೆ ಅನ್ನಬಾರದಿತ್ತು. ಅವಳೇ ಬರುತ್ತಿದ್ದಳೋ ಏನೋ.

ಎಂಟು ಜನ ಉಳಿದಿದ್ದೇವೆ. ಒಂದು ಚೌಕಕ್ಕೆ, ಬದಿಗೊಂದರಂತೆ ನಾಲ್ಕು ಜೋಡಿ ಬೇಕು. ಯಾರದಾದರೂ ಒಂದು ಮಂಡಿ ಕೈಕೊಟ್ಟರೆ ನಮ್ಮ ಓರಮ್ ಕ್ಲಬ್ಬಿನ ಕಥೆ ಮುಗಿಯಿತು. ಈ ಚಳಿಗಾಲದೊಳಗೆ ಹೊಸಬರು ಬರಲೇಬೇಕು. ಎಲ್ಡನ್‌ಗೆ ಹೇಳಿದರೆ ‘ಬರ್ತಾರೆ ಬಿಡು’ ಎನ್ನುತ್ತಾನೆ. ಮದುವೆಯಾದಾಗಿನಿಂದ ನನ್ನ ಗಂಡ ಎಲ್ಲದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಾನೆ.

ಸೆಪ್ಟೆಂಬರ್ 21, ಶನಿವಾರ

ಕದ್ದೆವು! ಪಕ್ಕದೂರು ಕೆಲ್ಬಿಯ ಕ್ಲಬ್ಬಿನ ಬ್ಯಾನರ್ ಈಗ ನಮ್ಮ ಸೋಫಾದ ಮೇಲಿದೆ.

ಎಂಟೂ ಜನ ಎರಡು ಕಾರಿನಲ್ಲಿ ಹೋದೆವು. ಅವರೂ ಎಂಟೇ. ನಾದಿನಿ ಆರ್ಲೆಟ್ ಅಲ್ಲಿನ ಅಧ್ಯಕ್ಷೆ. ಕಾಫಿಗೆ ಬಿಟ್ಟಾಗ ನಮ್ಮ ರೋಲಿ ಕುರ್ಚಿ ಹತ್ತಿ ಬಿಚ್ಚಿದ, ಕುಣಿತದಲ್ಲಿ ಅವನ ಜೋಡಿ ಡಾಟ್ ಸ್ವೆಟರ್ ಒಳಗೆ ಸುತ್ತಿಕೊಂಡಳು, ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಬಾಗಿಲು ದಾಟಿದಳು. ಆರ್ಲೆಟ್ ನೋಡಿಯೂ ನೋಡದ ಹಾಗೆ ಕೇಕ್ ಕತ್ತರಿಸುತ್ತಿದ್ದಳು. ಹಳೆಯ ಪದ್ಧತಿ. ಕಳ್ಳತನ ಅಂದರೆ ಆಮಂತ್ರಣ. ಕಳೆದುಕೊಂಡವರು ಎಂಟು ಜನ ಸೇರಿಸಿಕೊಂಡು ನಮ್ಮಲ್ಲಿಗೆ ಬಂದು, ಕುಣಿದು, ಬಿಡಿಸಿಕೊಂಡು ಹೋಗಬೇಕು.

ಹಸಿರು ಬಟ್ಟೆ, ಹಳದಿ ದಾರದಲ್ಲಿ ಮುಸುಕಿನ ಜೋಳದ ತೆನೆ. ಹೊಲಿದದ್ದು ಅತ್ತೆ. ಎಲ್ಡನ್ ಅಮ್ಮನ ಹೊಲಿಗೆಯ ಮೇಲೆ ಸುಮ್ಮನೆ ಕೈಯಾಡಿಸುತ್ತಾ ಕೂತಿದ್ದ.

ಅಕ್ಟೋಬರ್ 3, ಗುರುವಾರ

ನನ್ನ ಲೆಕ್ಕ ಇದು — ಎಂಟನೇ ತಾರೀಕು ಹೊಸಬರ ರಾತ್ರಿ. ಅದೇ ದಿನ ಕೆಲ್ಬಿಯವರೂ ಬಂದರೆ ಎರಡು ಚೌಕ. ಬಾಗಿಲು ತೆರೆದವರಿಗೆ ತುಂಬಿದ ಹಾಲ್ ಕಾಣುತ್ತದೆ. ಜನ ಇರುವಲ್ಲಿಗೇ ಜನ ಬರುವುದು.

ಸಂಜೆ ಆರ್ಲೆಟ್ ಫೋನ್. ಅವರ ಕ್ಲಬ್ಬಿನ ಹೆರಾಲ್ಡ್‌ನ ತಮ್ಮನಿಗೆ ಹೃದಯದ ಆಪರೇಷನ್, ವಸಂತದವರೆಗೆ ಕುಣಿಯುವ ಹಾಗಿಲ್ಲ.

‘ಏಳು ಜನ ಬರ್ತೀವಿ ಕಣೇ ವೆರ್ನಾ. ಖಾಲಿ ಜಾಗಕ್ಕೆ ದೆವ್ವ ನಿಲ್ಲಿಸ್ಕೊಂಡ್ರಾಯ್ತು.’

ದೆವ್ವ ಅಂದರೆ ಇಲ್ಲದವರು. ಅಲ್ಲೊಬ್ಬರು ಇದ್ದಾರೆ ಅಂದುಕೊಂಡು ಉಳಿದವರು ಕೈ ಚಾಚಿ ಕುಣಿಯುವುದು. ಕಲಿಯುವಾಗ ಹಾಗೆ ಮಾಡುತ್ತಿದ್ದೆವು.

‘ಎಂಟಿಲ್ಲದೆ ಬ್ಯಾನರ್ ಇಲ್ಲ’ ಎಂದೆ. ‘ಏಳು ಜನಕ್ಕೆ ನಾನು ಸೇಬಿನ ಪೈ ಕೂಡ ಕತ್ತರಿಸಲ್ಲ, ತಿಳ್ಕೋ.’

ತಮಾಷೆಗೇ ಅಂದದ್ದು. ಕೆಣಕಿದರೆ ಎಲ್ಲಿಂದಾದರೂ ಒಬ್ಬರನ್ನು ಎಳೆದುಕೊಂಡು ಬರುತ್ತಾಳೆ, ನನಗೆ ಗೊತ್ತಿಲ್ಲವೇ ಅವಳು. ನಕ್ಕಳು. ನಗು ಸ್ವಲ್ಪ ಬೇಗ ನಿಂತಿತು. ಏಳಾದರೂ ಬರಲಿ ಅನ್ನಬಾರದಿತ್ತೇ ಎಂದ ಎಲ್ಡನ್. ನಿಯಮ ನಿಯಮವೇ, ನಿನ್ನ ತಂಗಿ ಅಂತ ಬದಲಾಯಿಸುವುದಕ್ಕಾಗುತ್ತದಾ ಎಂದೆ.

ಅಕ್ಟೋಬರ್ 8, ಮಂಗಳವಾರ

ಕೆಲ್ಬಿಯವರು ಬರಲಿಲ್ಲ. ಫೋನೂ ಇಲ್ಲ. ಐದು ಪೈ ಮಾಡಿದ್ದೆ.

ಹೊಸಬರು ಇಬ್ಬರು — ಮರಿಸೆಲಾ, ಅವಳ ಗಂಡ ಟಾಡ್. ಅವಳಿಗೆ ದನದ ಮೇವಿನ ಗಿರಣಿಯಲ್ಲಿ ಕೆಲಸ. ಎಷ್ಟು ಚುರುಕು ಅಂದರೆ, ಮೈಕಿನಲ್ಲಿ ಹೆಜ್ಜೆ ಕೂಗುವ ನಮ್ಮ ಕ್ಲೀಟಸ್ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಲಿಲ್ಲ. ಟಾಡ್ ಎಡಗೈ ಅಂದಾಗಲೆಲ್ಲ ಬಲಗೈ ಕೊಟ್ಟು, ತಪ್ಪಾದಾಗಲೆಲ್ಲ ತಾನೇ ಮೊದಲು ನಕ್ಕ. ಇಂಥವರೇ ಬೇಕು. ಅವರಿಗೆ ಜಾಗ ಬಿಟ್ಟು ನಾನೂ ಎಲ್ಡನ್ನೂ ಗೋಡೆ ಪಕ್ಕ ಕೂತೆವು. ಅಷ್ಟು ದೊಡ್ಡ ಹಾಲಿನಲ್ಲಿ ಒಂದೇ ಚೌಕ. ಆಚೆ ಅರ್ಧದ ದೀಪವನ್ನೇ ಹಾಕಿರಲಿಲ್ಲ.

ಪೈ ತಿನ್ನುವಾಗ ಮರಿಸೆಲಾ ಸುತ್ತ ನೋಡಿ ಕೇಳಿದಳು. ‘ಉಳಿದವ್ರೆಲ್ಲ ಎಷ್ಟು ಗಂಟೆಗೆ ಬರ್ತಾರೆ?’

ರೋಲಿ, ಇಷ್ಟೇ ಜನ ಎಂದ.

ಅಕ್ಟೋಬರ್ 15, ಮಂಗಳವಾರ

ಮರಿಸೆಲಾ ಮೆಸೇಜ್. ತುಂಬಾ ಒಳ್ಳೆಯವರು ನೀವೆಲ್ಲ, ಪೈ ಚೆನ್ನಾಗಿತ್ತು, ಆದರೆ ಟಾಡ್‌ಗೆ ಮಂಗಳವಾರ ಆಗುವುದಿಲ್ಲವಂತೆ. ಟಾಡ್‌ಗೆ ಮಂಗಳವಾರ ಬೇಕಾದಷ್ಟು ಬಿಡುವಿದೆ. ಬೌಲಿಂಗ್ ಆಟದ ಹಾಲಿಗೆ ಹೋಗುವುದನ್ನು ಡಾಟ್ ಕಣ್ಣಾರೆ ನೋಡಿದ್ದಾಳೆ. ಅಲ್ಲಿ ಜನ ಇದ್ದಾರೆ.

ಆ ಏಳು ಜನ ಬಂದಿದ್ದರೆ ಹದಿನೇಳಾಗುತ್ತಿತ್ತು. ಎಲ್ಡನ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ನವೆಂಬರ್ 19, ಮಂಗಳವಾರ

ಇಷ್ಟು ದಿನ ಬರೆಯುವುದಕ್ಕೆ ಮನಸ್ಸಾಗಲಿಲ್ಲ.

ಇವತ್ತು ಮಾಂಸದಂಗಡಿಯಲ್ಲಿ ಗೊತ್ತಾಯಿತು — ಕೆಲ್ಬಿ ಕ್ಲಬ್ ಮುಚ್ಚಿದರಂತೆ. ನಾದಿನಿಯ ವಿಷಯ ನಾನು ಕಟುಕನ ಬಾಯಿಂದ ಕೇಳಬೇಕಾಯಿತು! ಮನೆಗೆ ಬಂದು ಕೋಟು ಬಿಚ್ಚದೆ ಫೋನ್ ಮಾಡಿದೆ. ನನಗೇಕೆ ಹೇಳಲಿಲ್ಲ ಎಂದೆ.

‘ಸಿಟ್ಟೇನಿಲ್ಲ ವೆರ್ನಾ. ಕದ್ದ ಬ್ಯಾನರ್ ಬಿಡಿಸ್ಕೊಂಡ್ ಬರೋಕೆ ಎಂಟು ಜನ ಇಲ್ಲ ಅಂದ್ಮೇಲೆ ನಾವೆಂಥ ಕ್ಲಬ್ಬು ಅಂತ ಹೆರಾಲ್ಡ್ ಕೇಳ್ದ. ಮುಚ್ಚೋಣ ಅನ್ನೋರು ಕೈ ಎತ್ತಿ ಅಂದ್ರು, ಎತ್ತಿದ್ವಿ.’

ಊರೂರು ತಿರುಗಿ ಎಂಟನೆಯವರನ್ನು ಹುಡುಕಿದಳಂತೆ. ಪಾದ್ರಿಯನ್ನೂ ಕೇಳಿದಳಂತೆ. ನನ್ನ ಒಂದು ತಮಾಷೆಗೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಳು ಬಂತು. ಕೋಟಿನಲ್ಲೇ ಕೂತು ಅತ್ತೆ.

ನವೆಂಬರ್ 23, ಶನಿವಾರ

ಬ್ಯಾನರ್ ಒಗೆದು, ಇಸ್ತ್ರಿ ಮಾಡಿ, ಕೆಲ್ಬಿಗೆ ತೆಗೆದುಕೊಂಡು ಹೋದೆ. ಒಬ್ಬಳೇ. ಎಲ್ಡನ್ ಬರುತ್ತೇನೆಂದ, ಬೇಡ ಎಂದೆ.

ಆರ್ಲೆಟ್ ಕಾಫಿ ಕೊಟ್ಟಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಟ್ಟು ನಾದುತ್ತಿದ್ದಳು, ಕೈ ಒರೆಸಿಕೊಳ್ಳದೆ ಬ್ಯಾನರ್ ನೋಡಿದಳು. ಮುಟ್ಟಲಿಲ್ಲ.

‘ಎಲ್ಲಿ ನೇತ್ಹಾಕ್ಲಿ ಹೇಳು?’

ನಮ್ಮಲ್ಲಿಗೆ ಬನ್ನಿ, ಎಲ್ಲರೂ ಬನ್ನಿ, ಒಟ್ಟಿಗೆ ಕುಣಿಯೋಣ, ಹಾಲಿನಲ್ಲಿ ಎರಡೂ ಬ್ಯಾನರ್ ಹಾಕೋಣ ಎಂದೆ. ತಪ್ಪಾಯಿತು ಎಂದೂ ಹೇಳಬೇಕಿತ್ತು. ಅದೊಂದನ್ನು ಹೇಳಲಿಲ್ಲ.

ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ‘ನೀನು ಎಂಟು ಅಂದಿದ್ದೆ. ನಾವು ಈಗ್ಲೂ ಏಳೇ.’

ಬ್ಯಾನರ್ ವಾಪಸು ಬಂತು. ಕಾರಿನ ಡಿಕ್ಕಿಯಲ್ಲಿದೆ. ಮನೆಯೊಳಗೆ ತರಲು ಮನಸ್ಸು ಒಪ್ಪುತ್ತಿಲ್ಲ.

ಜನವರಿ 14, ಮಂಗಳವಾರ

ರೋಲಿ ಕೊಟ್ಟಿಗೆಯ ಮುಂದೆ ಹಿಮದಲ್ಲಿ ಜಾರಿ ಬಿದ್ದ. ಸೊಂಟದ ಮೂಳೆ. ಲಿಂಕನ್ ನಗರದಲ್ಲಿರುವ ಮಗಳ ಮನೆಗೆ ಹೋಗುತ್ತಾನೆ, ದನಗಳನ್ನೂ ಮಾರುತ್ತಾರೆ. ಚೌಕದಲ್ಲಿ ನನ್ನ ಬಲಕ್ಕೆ ನಿಲ್ಲುತ್ತಿದ್ದವನು. ಮೂಲೆಯವನು ಅನ್ನುತ್ತೇವೆ. ಗಂಡನ ಕೈಗಿಂತ ಅವನ ಒರಟು ಕೈಯೇ ಹೆಚ್ಚು ಪರಿಚಯ ಎಂದು ಡಾಟ್ ರೇಗಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಅದೇ ಕೈ ಹಿಡಿದುಕೊಂಡು ಕೂತೆ. ಈ ವಾರ ನನ್ನ ಜಾಗಕ್ಕೆ ಯಾರು ಸಿಕ್ಕಿದರು ಎಂದು ಕೇಳಿದ. ಬರ್ತಾರೆ ಬಿಡು ಎಂದೆ. ಎಲ್ಡನ್ ಮಾತೇ ನನ್ನ ಬಾಯಲ್ಲಿ ಬಂತು.

ಯಾರೂ ಸಿಕ್ಕಿಲ್ಲ.

ಜನವರಿ 21, ಮಂಗಳವಾರ, ಡ್ಯಾನ್ಸಿನಿಂದ ಬಂದ ಮೇಲೆ

ಇವತ್ತು ಬೀಗ ಹಾಕಿ ಬರೋಣ ಅಂತಲೇ ಹೋಗಿದ್ದೆ. ಏಳು ಜನ ಕೋಟು ಹಾಕಿಕೊಂಡೇ ನಿಂತಿದ್ದೆವು. ಕ್ಲೀಟಸ್ ತನ್ನ ಪಾಡಿಗೆ ಸ್ಪೀಕರಿನ ವೈರು ಜೋಡಿಸುತ್ತಿದ್ದ. ಯಾಕೋ ಕ್ಲೀಟಸ್ ಎಂದೆ.

‘ನಿಂತ್ಕೊಳ್ಳಿ. ರೋಲಿ ಜಾಗದಲ್ಲಿ ದೆವ್ವ.’

ನಿಂತೆವು. ಡಾಟ್ ಪಕ್ಕದಲ್ಲಿ ಯಾರೂ ಇಲ್ಲ, ಆದರೂ ತನ್ನ ಜಾಗ ಬಿಟ್ಟು ಕದಲಲಿಲ್ಲ. ಹಾಡು ಶುರುವಾಯಿತು. ಮೂಲೆಯವರಿಗೆ ಎಡಗೈ ಎಂದು ಕ್ಲೀಟಸ್ ಕೂಗಿದ. ತಿರುಗಿದೆ, ಕೈ ಚಾಚಿದೆ. ಗಾಳಿ. ಹಿಡಿದ ಹಾಗೆ ಸುತ್ತಿ ಬಂದೆ, ಎಲ್ಡನ್ ಸರಿಯಾಗಿ ತನ್ನ ಜಾಗದಲ್ಲಿದ್ದ. ಚೌಕ ಮುರಿಯುತ್ತದೆ, ಈಗ ಮುರಿಯುತ್ತದೆ ಅಂತ ಕಾದೆ. ಹಾಡು ಮುಗಿಯಿತು. ಮುರಿಯಲಿಲ್ಲ.

ಡಾಟ್ ಮುಖ ಕೆಂಪಾಗಿತ್ತು. ‘ಆಗತ್ತಲ್ಲೇ’ ಎಂದಳು.

ಆಗುತ್ತದೆ. ಏಳು ಜನ ಕುಣಿಯಬಹುದು. ಆರ್ಲೆಟ್ ಅಕ್ಟೋಬರಿನಲ್ಲೇ ಹೇಳಿದ್ದಳು.

ಬರುವಾಗ ಡಿಕ್ಕಿ ತೆಗೆದು ಬ್ಯಾನರ್ ಒಳಗೆ ತಂದಿದ್ದೇನೆ. ಅಡುಗೆಮನೆ ಮೇಜಿನ ಮೇಲಿದೆ, ಪಕ್ಕದಲ್ಲಿ ಫೋನ್. ಎಲ್ಡನ್ ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ಮೊದಲು ಏನು ಹೇಳಬೇಕು ಎಂದು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮತ್ತೆ ತಮಾಷೆ ಮಾಡಿಬಿಡುತ್ತೇನೆ.

ತಪ್ಪಾಯ್ತು ಆರ್ಲೆಟ್. ನಾವೂ ಈಗ ಏಳೇ —