ಟ್ಯಾಂಕಿನ ಎಡಗಡೆ ತಗ್ಗು

ಜನವರಿ ೭, ಮಂಗಳವಾರ

ಬೆಳಿಗ್ಗೆ ಗೇಟಿನ ಕೆಲಸ. ಊಟವಾದ ಮೇಲೆ ಶಟರ್ ಅರ್ಧ ಇಳಿಸಿ ಮತ್ತೆ ಬೈಕು. ಪೈಪಿನೊಳಗೆ ಮರಳು ತುಂಬಿ, ಕೆಂಪಗೆ ಕಾಯಿಸಿ ಬಗ್ಗಿಸಿದ್ದಾಯಿತು. ಎಲ್ಲೂ ಚಪ್ಪಟೆಯಾಗಲಿಲ್ಲ, ಸೀಳಲಿಲ್ಲ. ಫ್ರೇಮ್ ಛಲೋ ಬಂದಿದೆ, ನೋಡಿದರೆ ಹೊಟ್ಟೆ ತುಂಬುತ್ತದೆ. ಇಂಜಿನ್ ಮಾತ್ರ ಹಳೆಯದು, ಮುಗದ ಹಳ್ಳಿಯಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಉಳಿದದ್ದೆಲ್ಲ ಹೊಸದಾಗಿ, ಇಲ್ಲೇ ಮಾಡಬೇಕು. ಗೋಕುಲ ರೋಡಿನ ಈ ಶೆಡ್ಡಿನಲ್ಲಿ ಇಷ್ಟು ವರ್ಷ ಗೇಟು, ಗ್ರಿಲ್ಲು, ಟ್ರೇಲರ್ ಬಿಟ್ಟು ಬೇರೇನೂ ಹುಟ್ಟಿರಲಿಲ್ಲ.

ಸುಫಿಯಾನ ಒಂದು ಕಡೆ ವೆಲ್ಡಿಂಗ್ ಹೆಚ್ಚು ಸುಟ್ಟ. ತೂತು ಬಿತ್ತು. ಬೈದೆ. ನನ್ನ ಕೈಕೆಳಗೆ ಇಷ್ಟು ವರ್ಷ ಪಳಗಿದರೂ ಮಾತಾಡುತ್ತಾ ವೆಲ್ಡ್ ಮಾಡುವ ಚಟ ಬಿಟ್ಟಿಲ್ಲ ಈ ಮಹಾರಾಯ.

ಜನವರಿ ೧೯, ಭಾನುವಾರ

ಹ್ಯಾಂಡಲ್ ಬಾರ್ ಮುಗಿಯಿತು. ಸೀಟೂ ಆಯಿತು — ಹೊಲಿಗೆ ಒಂದೂ ಓರೆಯಿಲ್ಲ. ಹೆಂಡತಿ ನಾಗರತ್ನಾಳನ್ನು ಕರೆದು ತೋರಿಸಿದೆ. ಇದರ ಮೇಲೆ ಒಬ್ಬರೇ ಕೂರುವುದಾ ಎಂದು ಕೇಳಿದಳು. ಹೂಂ ಎಂದೆ. ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು.

ಧಾರವಾಡದ ಬೈಕ್ ಶೋ ಫೆಬ್ರವರಿ ೧೬ಕ್ಕೆ. ಕೈಯಾರೆ ಕಟ್ಟಿದ ಬೈಕುಗಳದ್ದು ಮಾತ್ರ. ಟ್ಯಾಂಕಿಗೆ ಬಣ್ಣ ಬೇಡ, ಬರೀ ತಗಡಿನ ಹೊಳಪು ಇರಲಿ ಎಂದು ನಿರ್ಧಾರ. ನೋಡುವವರಿಗೆ ಒಂದೊಂದು ಮಿಲಿಮೀಟರೂ ಕಾಣಲಿ.

ಜನವರಿ ೨೩, ಗುರುವಾರ

ಟ್ಯಾಂಕ್ ಕೆಟ್ಟಿತು. ಮರಳಿನ ಚೀಲದ ಮೇಲೆ ತಗಡು ಇಟ್ಟು ಕೊಡತಿಯಿಂದ ಬಡಿಯುವ ಕೆಲಸ ಸುಫಿಯಾನನದು. ಎಡಗಡೆ, ಮೊಣಕಾಲು ಬರುವ ಜಾಗದಲ್ಲಿ ಏಟು ಹೆಚ್ಚು ಬಿದ್ದಿದೆ. ಅಂಗೈಯಗಲ ತಗ್ಗು. ಬಲಗಡೆ ಇಲ್ಲ. ಮತ್ತೆ ಬಡಿದು ಎತ್ತಲು ಹೋದರೆ ತಗಡು ಹರಿಯುತ್ತದಂತೆ. ಪುಟ್ಟಿ ಮೆತ್ತೋಣವೆಂದರೆ ಮುಚ್ಚಲು ಬಣ್ಣವಿಲ್ಲ. ಬಾಯಿಗೆ ಬಂದದ್ದು ಅಂದೆ. ಅವನೇನು ಕೇಳಿಸಿಕೊಂಡು ಸುಮ್ಮನಿರುವವನೇ — ಕೊಡತಿ ನನ್ನ ಮುಂದೆ ಒಗೆದು, “ಹಂಗಾದ್ರ ನೀವಽ ಬಡೀರಿ” ಎಂದು ಹೊರಗೆ ಹೋಗಿ ನಿಂತ.

ಹೊಸ ತಗಡು ಶುರು ಮಾಡಲು ದಿನಗಳಿಲ್ಲ. ಶೋದಲ್ಲಿ ಎಡಗಡೆ ಗೋಡೆಗೆ ಹತ್ತಿಸಿ ನಿಲ್ಲಿಸಿದರಾಯಿತು.

ಫೆಬ್ರವರಿ ೧೪, ಶುಕ್ರವಾರ

ಇಂಜಿನ್ ಒಂದೇ ಕಿಕ್ಕಿಗೆ ಶುರು. ಪುಣ್ಯ.

ನನ್ನ ಹೆಸರಿನ ಬೋರ್ಡು ಬಂತು: ‘ಬಸವಪ್ರಭು ಕಸ್ಟಮ್ಸ್, ಹುಬ್ಬಳ್ಳಿ’. ಸುಫಿಯಾನ ಬಹಳ ಹೊತ್ತು ನೋಡಿದ. ಅಕ್ಷರ ದೊಡ್ಡವು ಬಂದಾವ್ರಿ ಎಂದ.

ಫೆಬ್ರವರಿ ೧೬, ಭಾನುವಾರ, ರಾತ್ರಿ

ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.

ಗೋಡೆಯೇ ಇರಲಿಲ್ಲ. ಬಟಾಬಯಲು ಮೈದಾನ, ನಡುವೆ ಬೈಕುಗಳು, ಸುತ್ತಲೂ ಜನ. ಒಬ್ಬ ಹಿಂಭಾಗ ಗಿಡ್ಡಾಯಿತು ಎಂದ, ಅವನ ಪಕ್ಕದವನೇ ಉದ್ದಾಯಿತು ಎಂದ. ಒಬ್ಬ ಅಂಗಾತ ಮಲಗಿ ಕೆಳಗಿನ ವೈರುಗಳನ್ನು ಎಣಿಸಿದ. ಒಬ್ಬ ಹಿರಿಯರು ಲೀಟರಿಗೆ ಎಷ್ಟು ಕೊಡ್ತೈತಿ ಎಂದು ಕೇಳಿದರು. ಬೈಕು ಒಂದೇ, ಎಲ್ಲರೂ ಬೇರೆ ಬೇರೆ ಬೈಕು ನೋಡುತ್ತಿದ್ದಾರೆ ಅನ್ನಿಸಿತು.

ಆಮೇಲೆ ತೀರ್ಪುಗಾರರು. ಬೆಳಗಾವಿಯಿಂದ ಬಂದ ಸೃಷ್ಟಿ ಎಂಬಾಕೆ, ತಾನೂ ಬೈಕು ಕಟ್ಟುವವಳು. ನನ್ನ ವೆಲ್ಡಿಂಗ್, ನನ್ನ ಅಳತೆ, ಎಲ್ಲದರ ಮೇಲೂ ಕಣ್ಣು ಜಾರಿಸಿ ನೇರ ಎಡಗಡೆಗೆ ಬಂದಳು. ಕುಕ್ಕರಗಾಲಲ್ಲಿ ಕೂತು ತಗ್ಗಿನ ಮೇಲೆ ಅಂಗೈ ಇಟ್ಟಳು. ತೆಗೆಯಲೇ ಇಲ್ಲ.

“ಇದು ಯಾರ ಕೈರೀ?” ಅಂದಳು.

“ಅವಂದಽ ರೀ. ಸುಫಿಯಾನಂದು.” ತಿರುಗಿ ಬೆರಳು ಮಾಡಿ ತೋರಿಸಿದೆ.

ಸಂಜೆ ಮೈಕಿನಲ್ಲಿ ಕರೆದರು — ಅತ್ಯುತ್ತಮ ಕೈಕೆಲಸದ ಬಹುಮಾನ, ಸುಫಿಯಾನ, ಹುಬ್ಬಳ್ಳಿ. ನಾನು ತಪ್ಪಾಗಿ ಕೇಳಿದೆನೇ ಎಂದುಕೊಂಡೆ. ಹೋಗಿ ಸೃಷ್ಟಿಯನ್ನೇ ವಿಚಾರಿಸಿದೆ. “ಉಳಿದದ್ದೆಲ್ಲಾ ಮಷಿನ್ಯಾಗೂ ಬರ್ತದ್ರಿ. ಈ ಜಾಗಾದಾಗ ಒಬ್ಬ ಮನಷಾ ಅದಾನ” ಅಂದಳು. ನಾನು ಮಿಲಿಮೀಟರ್ ಲೆಕ್ಕ ಹಾಕಿ ಕಣ್ಣು ಕಳೆದುಕೊಂಡದ್ದು ಮಷಿನ್ ಆಯಿತು. ಅವನ ಏಟು ತಪ್ಪಿದ್ದು ಮನುಷ್ಯನಾಯಿತು.

ಫೆಬ್ರವರಿ ೧೭, ಸೋಮವಾರ

ಸುಫಿಯಾನನ ಹೆಂಡತಿ ಮೈಮುನಾ ಗಜ್ಜರಿ ಹಲ್ವಾ ಕಳಿಸಿದ್ದಾಳೆ. ದೊಡ್ಡ ಮನಸ್ಸು ಮಾಡಿ ಎಲ್ಲರ ಮುಂದೆ ಗಂಡನ ಹೆಸರು ಹೇಳಿದ್ದಕ್ಕೆ. ನಾಗರತ್ನಾಳೂ ಹೊಗಳಿದಳು, ನಿಮಗ ಇಷ್ಟು ತಿಳಿತೈತಿ ಅಂತ ನನಗ ಗೊತ್ತಿರಲಿಲ್ಲ ಎಂದು.

ನಾನು ಹೊಗಳಿದ್ದೇ? ತಪ್ಪು ಹಿಡಿದಳು ಎಂದು ಹೆದರಿ ಅವನನ್ನು ಮುಂದೆ ತಳ್ಳಿದೆ. ಮಾತು ಮಾತ್ರ ಅದೇ. ‘ಅವಂದಽ’ — ಹೊಗಳುವವನೂ ಹಾಗೇ ಅನ್ನುತ್ತಾನೆ, ದೂರುವವನೂ ಹಾಗೇ. ಯಾವ ದನಿಯಲ್ಲಿ ಅಂದೆನೋ ಈಗ ನೆನಪಾಗುತ್ತಿಲ್ಲ. ಹಲ್ವಾ ತಿಂದೆ. ನಾಚಿಕೆಯಾಯಿತು. ಇನ್ನೂ ಸ್ವಲ್ಪ ತಿಂದೆ.

ಡಬ್ಬಿ ಕೊಟ್ಟು ಸುಫಿಯಾನ ಕೆಲಸಕ್ಕೆ ಕೂತ. ದಿನವಿಡೀ ಮಾತಿಲ್ಲದೆ ವೆಲ್ಡ್ ಮಾಡಿದ. ಒಂದು ತೂತೂ ಬೀಳಲಿಲ್ಲ. ನನಗೆ ಸರಿ ಬರಲಿಲ್ಲ.

ಮಾರ್ಚ್ ೪, ಮಂಗಳವಾರ

ಇಷ್ಟು ದಿನ ಏನೂ ಬರೆಯಲಾಗಲಿಲ್ಲ. ಹೇಳಿಬಿಡಲೇ, ಬೇಡವೇ… ಹೇಳಿದರೆ ಅವನ ಬಹುಮಾನಕ್ಕೆ ಮಣ್ಣು ಹಾಕಿದಂತೆ. ಹೇಳದಿದ್ದರೆ ಆ ಹಲ್ವಾ ದಕ್ಕುವುದಿಲ್ಲ. ದಿನಾ ಬೆಳಿಗ್ಗೆ ಆ ತಗ್ಗನ್ನು ನೋಡುತ್ತೇನೆ. ಒಂದು ದಿನ ಚಂದ ಕಾಣುತ್ತದೆ, ಮರುದಿನ ತಗ್ಗು.

ಇವತ್ತು ಧಾರವಾಡದಿಂದ ಕುಮಾರಸ್ವಾಮಿ ಅಂತ ಒಬ್ಬರು ಬಂದರು. ಹತ್ತಿ ವ್ಯಾಪಾರದ ಮನೆಯವರು. ಶೋದಲ್ಲಿ ನೋಡಿದ್ದರಂತೆ. ಹಂಥಾದ್ದೇ ಬೈಕು ಬೇಕು, ಟ್ಯಾಂಕಿನ ತಗ್ಗು ಮೊದಲು ಬೇಕು ಅಂದರು. ಒಪ್ಪಿಕೊಂಡೆ. ಹಿಂದೆ ಸುಫಿಯಾನ ನಿಂತಿದ್ದ.

ಮಾರ್ಚ್ ೬, ಗುರುವಾರ, ಸಂಜೆ

ಹೊಸ ತಗಡು ಮರಳಿನ ಚೀಲದ ಮೇಲೆ. ಸುಫಿಯಾನನಿಗೆ ರಂಜಾನಿನ ರೋಜಾ, ಉಪವಾಸ ಎಂಬುದು ಮರೆತು ಎರಡು ಚಹಾ ತರಿಸಿದ್ದೆ. ಎರಡೂ ನಾನೇ ಕುಡಿದೆ.

ಕೊಡತಿ ಎತ್ತಿದವನು ನಿಲ್ಲಿಸಿದ. “ಅಣ್ಣಾರ, ಖರೇ ಹೇಳ್ರಿ. ಅವತ್ತು ಇದು ನಿಮಗ ಛಂದ ಕಂಡಿತ್ತೇನು?”

ಸುಳ್ಳು ಬಾಯಿವರೆಗೆ ಬಂದಿತ್ತು. ಹೊರಡಲಿಲ್ಲ. “ಇಲ್ಲೋ. ಆಕಿ ತಪ್ಪು ಹಿಡದಾಳ ಅಂತ ತಿಳಕೊಂಡಿದ್ದೆ.”

ಸಿಟ್ಟಾಗುತ್ತಾನೆ, ಕೊಡತಿ ಒಗೆಯುತ್ತಾನೆ ಎಂದುಕೊಂಡೆ. ಇಲ್ಲ. ತಗಡನ್ನೇ ನೋಡುತ್ತಿದ್ದ.

“ನನಗ ಅವತ್ತಽ ಗೊತ್ತಾತ್ರಿ. ಕೆಟ್ಟಾಗ ಅಷ್ಟಽ ನನ್ನ ಹೆಸರು ನಿಮ್ಮ ಬಾಯಾಗ ಬರ್ತೈತಿ.”

ಬಡಿದ. ಒಂದೇ ಏಟು. ಅದೇ ಜಾಗ, ಅದೇ ಅಗಲ. ಕೈ ತೊಳೆದುಕೊಂಡು ಇಫ್ತಾರಿಗೆ ಹೋದ.

ಹಾಗೇನಿಲ್ಲ. ಒಳ್ಳೆಯದಾದಾಗಲೂ ಹೇಳಿದ್ದೇನೆ. ಫ್ರೇಮ್ ಬಗ್ಗಿಸಿದ ದಿನ — ಕೆಂಪಗೆ ಕಾದ ಪೈಪು ಹಿಡಿದು ಬಗ್ಗಿಸಿದವನು ಅವನೇ, ಅವತ್ತು ಹೇಳಿರಬೇಕು. ಇಲ್ಲ, ಅವತ್ತು ತೂತಿಗೆ ಬೈದೆ. ಸೀಟು… ಹೊಲಿದವನು ಅವನು, ನಾಗರತ್ನಾಳನ್ನು ಕರೆದು ತೋರಿಸಿದವನು ನಾನು. ಆದರೆ ಹ್ಯಾಂಡಲ್ ಬಾರ್ ಕೂರಿಸಿದಾಗ ಖಂಡಿತ ಹೇಳಿದ್ದೆ. ಅವನು ಈ ಕಡೆ ನಿಂತಿದ್ದ, ನಾನು ಆ ಕಡೆ, ನಾನು ಅಂದೆ… ಏನು ಅಂದೆ?