ಹಾಸಿನ ಜೊತೆ ಎಷ್ಟು ಟವೆಲ್

ಥಂಡರ್ ಬೇ,
ಫೆಬ್ರವರಿ ೯

ಪ್ರೀತಿಯ ತಂಗಿ ಇರ್ಯಾ,

ನಿನ್ನೆ ಕೆಟ್ಟ ಕನಸು ಬಿತ್ತು. ನೀನು ಕೊಟ್ಟು ಹೋದ ಬಟ್ಟೆ ಒಗೆಯುವ ಮಷೀನಿನ ಗಾಜಿನ ಬಾಗಿಲೊಳಗೆ ರೇನೊನ ಮುಖ ತಿರುಗುತ್ತಿತ್ತು. ಎಷ್ಟು ಎಳೆದರೂ ಬಾಗಿಲು ತೆರೆಯಲಿಲ್ಲ. ಮೂರು ವಾರ ಬರೆಯಲಿಲ್ಲವೆಂದು ಬೈಯಬೇಡ, ಪೆನ್ನು ಹಿಡಿದರೆ ನನಗೆ ಗಾಬರಿ, ಗೊತ್ತಲ್ಲ.

ಒಗೆಯುವುದು, ಒಣಗಿಸುವುದು ಎರಡೂ ಒಂದೇ ಡಬ್ಬದಲ್ಲಿ, ಬಿಸಿಗಾಳಿ ಹೋಗಲು ಗೋಡೆಗೆ ತೂತು ಕೊರೆಯುವುದೂ ಬೇಡ ಎಂದು ನೀನು ಹೇಳಿದ್ದೆ. ನಿಜ. ಆದರೆ ಒಗೆದಷ್ಟನ್ನೂ ಅದು ಒಣಗಿಸುವುದಿಲ್ಲವಲ್ಲೇ! ಅರ್ಧ ಬಟ್ಟೆ ತೆಗೆಯಬೇಕು, ಇಲ್ಲದಿದ್ದರೆ ಐದೂವರೆ ಗಂಟೆ ತಿರುಗಿ ಕೊನೆಗೆ ಬೆವತ ಅಂಗೈಯಂಥ ಟವೆಲ್ ಕೊಡುತ್ತದೆ. ಕೆಳಮನೆಯ ಮಾರ್ಲೀನ್ ಮೆಟ್ಟಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಏನ್ರೀ ಹೆಲ್ವಿ, ಮನೇಲಿ ಇಬ್ರೇ ಇದೀರೋ, ಐಸ್ ಹಾಕಿ ಆಡೋ ಟೀಮ್ ಸಾಕಿದೀರೋ? ದಿನಾ ಬೆಳಿಗ್ಗೆ ನನ್ ತಲೆ ಮೇಲೆ ಗಿರಗಿರ!" ಎಂದಳು. ನಕ್ಕೆ.

ಚಳಿ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ಆದರೂ ದಿನಾ ಕಾಫಿ ಕುಡಿದ ಕೂಡಲೇ ಹೊರಡುತ್ತೇನೆ. ಲೈಬ್ರರಿ, ಚರ್ಚಿನ ಅಡುಗೆಮನೆ, ಅಂಗಡಿ. "ಹೋಗ್ ಬಾ ಮಾರಾಯ್ತಿ, ಬಟ್ಟೆ ನಾನ್ ನೋಡ್ಕೋತೀನಿ" ಎನ್ನುತ್ತಾನೆ ರೇನೊ. ನಲವತ್ತೊಂದು ವರ್ಷದಲ್ಲಿ ಒಂದು ಕಾಲುಚೀಲವನ್ನೂ ತೊಳೆಯದ ಗಂಡ! ಈಗ ಮಷೀನಿನ ಎದುರು ಕುರ್ಚಿ ಹಾಕಿಕೊಂಡು ಕಾಯುತ್ತಾನೆ. ಮೊನ್ನೆ ಕಾಲು ಮರಗಟ್ಟಿ ಬೇಗ ಬಂದುಬಿಟ್ಟೆ. ಅವನು ಎದ್ದು ಗಾಜಿಗೆ ಬೆನ್ನು ಕೊಟ್ಟು ನಿಂತು, "ಇಷ್ಟ್ ಬೇಗ ಯಾಕ್ ಬಂದೆ?" ಎಂದ. ಕೈಗವಸು ಮರೆತಿದ್ದೆ ಎಂದು ಹೇಳಿ ಮತ್ತೆ ಇಳಿದೆ. ಕೈಗವಸು ಕೈಯಲ್ಲೇ ಇತ್ತು.

ಏಲಕ್ಕಿ ಬ್ರೆಡ್ಡು ಕಳಿಸಿದ್ದೇನೆ, ಗಟ್ಟಿಯಾಗುವ ಮುಂಚೆ ತಿನ್ನು. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ.

ನಿನ್ನ ಅಕ್ಕ,
ಹೆಲ್ವಿ

ಮತ್ತೆ: ಇದನ್ನು ಯಾರಿಗೂ ಹೇಳಬೇಡ. ಆಪರೇಷನ್ ಆದಮೇಲೆ ರೇನೊಗೆ ನಿದ್ದೆಯಲ್ಲಿ ಹಾಸಿಗೆಯಲ್ಲೇ ಒಂದಕ್ಕೆ ಆಗಿಬಿಡುತ್ತದೆ. ನನ್ನ ಗೊರಕೆಯ ನೆಪ ಹೇಳಿ ಪಕ್ಕದ ಕೋಣೆ ಸೇರಿದ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ, ಹಾಗೇ ಇರಲಿ. ಒದ್ದೆ ಹಾಸು ಕಾಣದಿರಲೆಂದು ಬುಟ್ಟಿಯಲ್ಲಿದ್ದ ಬಟ್ಟೆಯನ್ನೆಲ್ಲ ಅದರ ಮೇಲೆ ತುರುಕುತ್ತಾನೆ. ಅದಕ್ಕೇ ಒಣಗುವುದಿಲ್ಲ, ಅದಕ್ಕೇ ನಾನು ಬೀದಿಯಲ್ಲಿ. ಮಷೀನಿನ ಪುಸ್ತಕ ನಿನ್ನ ಹತ್ತಿರವೇ ಉಳಿದಿದೆಯಲ್ಲ, ಇನ್ನೊಂದು ಸಲ ಸರಿಯಾಗಿ ನೋಡಿ ಬರೆ: ಒಂದು ಹಾಸಿನ ಜೊತೆ ಎಷ್ಟು ಟವೆಲ್ ಹಾಕಿದರೆ ಬೇಗ ಒಣಗುತ್ತದೆ? ಬುಟ್ಟಿಯಲ್ಲಿ ಅಷ್ಟನ್ನೇ ಬಿಟ್ಟು ಹೋಗುತ್ತೇನೆ.